ಅಪ್ಪ ಓದದೆ ಇಟ್ಟ ಪತ್ರಿಕೆ

ನಮ್ಮಪ್ಪನಿಗೆ ಮದುವೆಗಿಂತ ಲಗ್ನಪತ್ರಿಕೆ ಮುಖ್ಯ. ಹೋದ ವರ್ಷ ಅರಕಲಗೂಡಿನಲ್ಲಿ ನೆಂಟರ ಮದುವೆಯಿತ್ತು. ಎಲೆಯ ಮುಂದೆ ಕೂತವನು ಜೇಬಿನಿಂದ ಲಗ್ನಪತ್ರಿಕೆ ತೆಗೆದು, ಸಾಂಬಾರು ಬಡಿಸುತ್ತಾ ಬಂದ ಮದುಮಗಳ ಅಪ್ಪನನ್ನೇ ತಡೆದು ನಿಲ್ಲಿಸಿದ. “ಅಲ್ಲಪ್ಪ, ಇದ್ರಲ್ಲಿ ಮೂರ್ತ ಸೋಮವಾರ ಅಂತ ಆಕವ್ರೆ. ಇವತ್ತು ಭಾನುವಾರ. ಇವತ್ತು ಉಂಡ್ಕೊಂಡೋಗಿ ನಾಳೆ ಮತ್ತೆ ಬರದಾ?” ಆ ಮನುಷ್ಯ ಬಕೆಟ್ ಹಿಡಿದುಕೊಂಡೇ ಬೆವರಿದ. ನಾನು ತಲೆ ತಗ್ಗಿಸಿಕೊಂಡು ಪಾಯಸ ಕುಡಿದು ಮುಗಿಸಿದೆ.

ಅಪ್ಪನ ಹೆಸರು ಸಣ್ಣಯ್ಯ, ವಯಸ್ಸು ಎಪ್ಪತ್ತನಾಲ್ಕು. ಸಾಲಗಾಮೆ ಹೋಬಳಿಯ ನಮ್ಮ ಕೇರಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಹೋದವರಲ್ಲಿ ಅವನೇ ಮೊದಲಿಗ. ಪಾಸಾದನೇ ಎಂದು ಯಾರೂ ಕೇಳಬಾರದು, ಗಣಿತ ಅವನನ್ನು ಎರಡು ಸಲ ಕೆಡವಿತು. ಹತ್ತೊಂಬತ್ತಕ್ಕೆ ಹಾಸನದ ಗಂಗಾಧರಯ್ಯನವರ ಪ್ರೆಸ್ಸಿಗೆ ಮೊಳೆ ಜೋಡಿಸಲು ಸೇರಿದ. ಮೊಳೆ ಎಂದರೆ ಸೀಸದ ಅಕ್ಷರ. ಮರದ ಕೇಸಿನ ಗೂಡುಗಳಿಂದ ಒಂದೊಂದನ್ನೇ ಎತ್ತಿ, ತಿರುಗುಮುರುಗಾಗಿ ಸಾಲು ಕಟ್ಟುವ ಕೆಲಸ. ಮೂವತ್ತು ವರ್ಷ ಅದನ್ನು ಮಾಡಿದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಗಂಡುಹೆಣ್ಣುಗಳನ್ನು ಮೊದಲು ಪಕ್ಕಪಕ್ಕ ಕೂರಿಸಿದ್ದು ಅಪ್ಪನ ಬೆರಳು. ಹಾಗೆ ಅವನ ಕೈಯಲ್ಲಿ ಹೆಸರು ಜೋಡಿಸಿಕೊಂಡವರಲ್ಲಿ ಅವನನ್ನು ಹೊಸ್ತಿಲು ದಾಟಗೊಡದ ಮನೆಗಳೂ ಇದ್ದವು. ಅಪ್ಪ ಅದನ್ನು ನಗುತ್ತಾ ಹೇಳುತ್ತಾನೆ. ನನಗೆ ನಗು ಬರುವುದಿಲ್ಲ.

ಗಂಗಾಧರಯ್ಯನವರದು ಒಂದು ಕಟ್ಟುನಿಟ್ಟು. ಪ್ರೆಸ್ಸಿಗೆ ಬಂದ ಪ್ರತಿ ಕಾಗದದ ಅಂಚಿನಲ್ಲೂ ಎರಡು ತಾರೀಕು ಇರಬೇಕು: ಬಂದದ್ದು ಯಾವಾಗ, ಮುಗಿದದ್ದು ಯಾವಾಗ. ಯಜಮಾನರ ಈ ಚಾಳಿ ಅಪ್ಪನ ರಕ್ತಕ್ಕೇ ಇಳಿದುಬಿಟ್ಟಿತು. ನಮ್ಮನೆಯ ಕರೆಂಟು ಬಿಲ್ಲಿನ ಮೇಲೆ ‘ಬಂದಿದ್ದು, ಕಟ್ಟಿದ್ದು’. ನಾನು ಹಾಸ್ಟೆಲಿನಿಂದ ಬರೆದ ಕಾಗದಗಳ ಮೇಲೆ ‘ಬಂದಿದ್ದು, ಓದಿದ್ದು’. ಎರಡೂ ತಾರೀಕು ಯಾವಾಗಲೂ ಒಂದೇ ಇರುತ್ತಿದ್ದವು. ಬಂದ ದಿನವೇ ಅಪ್ಪ ಓದುತ್ತಿದ್ದ. ಅದನ್ನು ನೋಡಿದಾಗ ನನಗೆ ಆಗುತ್ತಿದ್ದ ಖುಷಿಯನ್ನು ಅವನಿಗೆ ನಾನು ಯಾವತ್ತೂ ಹೇಳಲಿಲ್ಲ.

ಇನ್ನು ಶಾಂತರಾಜು ಮಾವ. ನನ್ನ ಅಮ್ಮ ನಂಜಮ್ಮನ ಒಡಹುಟ್ಟಿದ ಅಣ್ಣ. ಎಪ್ಪತ್ತೊಂದರ ಯುದ್ಧದಲ್ಲಿ ರಾಜಸ್ಥಾನದ ಮರಳಿನಲ್ಲಿ ಬಂದೂಕು ಹಿಡಿದು ಮಲಗಿದ್ದವನು. ಸೇನೆ ಬಿಟ್ಟ ಮೇಲೆ ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನ ಬಾಗಿಲು ಕಾಯ್ದು ನಿವೃತ್ತನಾಗಿ, ಈಗ ಅಲ್ಲೇ ಮಗನ ಮನೆಯಲ್ಲಿದ್ದಾನೆ. ಯುದ್ಧದ ಬಗ್ಗೆ ಎಷ್ಟು ಕೆದಕಿದರೂ ಬಾಯಿ ಬಿಡುವುದಿಲ್ಲ. ಹೇಳುವುದು ಒಂದೇ ಕತೆ, ಅವನ ಅವ್ವ, ಅಂದರೆ ನನ್ನ ಅಜ್ಜಿ ಬೆಟ್ಟಮ್ಮ ಸತ್ತ ಕತೆ. ಪ್ರತಿವರ್ಷ ಮಹಾಲಯ ಅಮಾವಾಸ್ಯೆಯಲ್ಲಿ ಎಡೆ ಇಟ್ಟ ಮೇಲೆ ಅದನ್ನು ಹೇಳಲೇಬೇಕು, ನಾವು ಕೇಳಲೇಬೇಕು.

ಮಗ ಗಡಿಗೆ ಹೋದದ್ದು ತಿಳಿದ ದಿನ ಅಜ್ಜಿ ಕೇರಿಯ ಮಾರಮ್ಮನ ಮುಂದೆ ನಿಂತು, ಯುದ್ಧ ನಿಲ್ಲುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ಮೊದಲೇ ಉಬ್ಬಸದ ಹೆಂಗಸು. ಸಪ್ಪೆ ಸಾರು ಗಂಟಲಲ್ಲಿ ಇಳಿಯದೆ ಹತ್ತೇ ದಿನಕ್ಕೆ ಹಾಸಿಗೆ ಹಿಡಿದಳು. ಅಕ್ಕಪಕ್ಕದವರು ಕನಿಕರಕ್ಕೆ “ನಿಂತೋಯ್ತಂತೆ ಕಣಕ್ಕ, ಉಣ್ಣು” ಎಂದು ಎರಡು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದರು. ಆಮೇಲೆ ಅಜ್ಜಿ ಯಾರ ಬಾಯಿಮಾತನ್ನೂ ನಂಬಲಿಲ್ಲ, ಪಟೇಲರ ಮನೆಯ ರೇಡಿಯೋ ಹೇಳಿತು ಎಂದರೂ ನಂಬಲಿಲ್ಲ. ಪ್ರೆಸ್ಸಿನ ಸಣ್ಣಯ್ಯ ಪೇಪರು ಹಿಡಿದು ಓದಿದರೆ ಮಾತ್ರ ನಿಜ. ಗಂಗಾಧರಯ್ಯನವರು ಓದಿ ಮುಗಿಸಿದ ಪತ್ರಿಕೆಯನ್ನು ಅಪ್ಪ ದಿನಾ ಸಂಜೆ ಕೇರಿಗೆ ತಂದು, ಅಜ್ಜಿಯ ಹಾಸಿಗೆಯ ಪಕ್ಕ ಕೂತು ಓದುತ್ತಿದ್ದ. ಆಗ ಅವನಿಗೆ ಇಪ್ಪತ್ತು ವರ್ಷ. ಹರಕೆಯ ಸಂಗತಿ, ಈ ಓದಿನ ಸಂಗತಿ ಎಲ್ಲವನ್ನೂ ಗಡಿಯಲ್ಲಿದ್ದ ಮಾವನಿಗೆ ಕಾಗದ ಬರೆದು ತಿಳಿಸಿದವನೂ ಅವನೇ.

ಡಿಸೆಂಬರ್ ಹದಿನೇಳರ ಪೇಪರಿನಲ್ಲಿ ಢಾಕಾದಲ್ಲಿ ವೈರಿ ಶರಣಾದ ಸುದ್ದಿ ಬಂತು. ಅದನ್ನು ಓದಿದ. ಆದರೆ ಮಾವ ಇದ್ದದ್ದು ಪಶ್ಚಿಮದ ಗಡಿಯಲ್ಲಿ, ಅಲ್ಲಿನ್ನೂ ಗುಂಡು ಹಾರುತ್ತಿತ್ತು. ಅಲ್ಲಿಯೂ ನಿಂತ ಸುದ್ದಿಯ ಪೇಪರು ಅಪ್ಪನ ಕೈಗೆ ತಡವಾಗಿ, ಇಪ್ಪತ್ತನೇ ತಾರೀಕು ರಾತ್ರಿ ಸಿಕ್ಕಿತಂತೆ. ಯಜಮಾನರು ಊರಲ್ಲಿರಲಿಲ್ಲವಂತೆ, ಪೇಪರು ಅವರ ಮನೆಯಲ್ಲೇ ಉಳಿದಿತ್ತಂತೆ. ನಡುವಿನ ದಿನಗಳಲ್ಲಿ ಹಳೆಯ ಪೇಪರನ್ನೇ ಓದಿ ಸಮಾಧಾನ ಮಾಡಿದನಂತೆ. ಇಪ್ಪತ್ತೊಂದರ ಬೆಳಿಗ್ಗೆ ಅಮ್ಮ ನೀರಿಗೆ ಹೋಗಿದ್ದಾಗ ಓಡಿಬಂದು ಅಜ್ಜಿಗೆ ಓದಿದನಂತೆ. ಅಜ್ಜಿ ನಕ್ಕಳಂತೆ. ನಾಲಿಗೆ ಚಾಚಿ ಒಂದು ಕಲ್ಲುಪ್ಪು ಹಾಕಿಸಿಕೊಂಡಳಂತೆ. ಅಮ್ಮ ಬಾವಿಯಿಂದ ಬಂದು ಬಿಂದಿಗೆ ಇಳಿಸುವಷ್ಟರಲ್ಲಿ ಪ್ರಾಣ ಹೋಗಿತ್ತು.

“ನಮ್ಮವ್ವನ ನಾಲ್ಗೆಗೆ ಉಪ್ಪಾಕಿ ಕಳಿಸ್ದೋನು ಅವ್ನು. ಅವ್ನಿಗಲ್ದೆ ತಂಗೀನ ಇನ್ಯಾರಿಗ್ ಕೊಡ್ಲಿ?” ಎಂದು ಮಾವ ಕತೆ ಮುಗಿಸುತ್ತಿದ್ದ. ಹಾಗೆ ಎಪ್ಪತ್ತಮೂರರಲ್ಲಿ ಅಪ್ಪ ಅಮ್ಮನ ಮದುವೆಯಾಯಿತು. ಈ ಕತೆ ಶುರುವಾದ ಕೂಡಲೇ ಅಪ್ಪ ಬೀಡಿಯ ನೆಪ ಹೇಳಿ ಹೊರಗೆ ಹೋಗುತ್ತಿದ್ದ. ಹೊಗಳಿಸಿಕೊಳ್ಳಲು ನಾಚಿಕೆ ಎಂದು ನಾನು ತಿಳಿದಿದ್ದೆ. ಮದುವೆಯ ಊಟದಲ್ಲಿ ಊರವರ ತಪ್ಪನ್ನೆಲ್ಲ ಎತ್ತಿ ಆಡುವವನಿಗೆ ನಾಚಿಕೆ ಎಲ್ಲಿಂದ ಬಂತು ಎಂದು ಒಂದು ಸಲವೂ ಯೋಚಿಸಲಿಲ್ಲ.

ಪ್ರೆಸ್ಸು ಮುಚ್ಚಿ ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದಾಗ ಅಪ್ಪ ಒಂದು ಖಾಲಿ ಕೇಸು ಮನೆಗೆ ತಂದಿದ್ದ. ಅಮ್ಮ ಅದರ ಗೂಡುಗಳಲ್ಲಿ ಗುಂಡಿ, ಪಿನ್ನು, ಸಾಸಿವೆ, ಬೀಜ ಎಲ್ಲ ಇಟ್ಟುಕೊಂಡಿದ್ದಳು. ಅಮ್ಮ ಹೋಗಿ ಮೂರು ವರ್ಷ. ಹಾಸನದ ನಮ್ಮ ಮನೆಯ ಅಟ್ಟದಲ್ಲಿ ಬಿದ್ದಿದ್ದ ಆ ಕೇಸನ್ನು ಈ ಸಂಕ್ರಾಂತಿಯ ಮುಂಚೆ ನಾನು ಇಳಿಸಿದೆ. ಈಗ ಅದನ್ನು ಗೋಡೆಗೆ ತೂಗುಹಾಕುವುದು ಫ್ಯಾಷನ್ನು. ಒರೆಸುವಾಗ ತಳದ ಹಲಗೆ ಸಡಿಲವಾಗಿ ಕೈಗೆ ಬಂತು. ಅದರಡಿ ನಾಲ್ಕು ಮಡಿಕೆಯ ಒಂದು ಪತ್ರಿಕೆ.

ಹದಿನೆಂಟು ಡಿಸೆಂಬರ್ ಸಾವಿರದ ಒಂಬೈನೂರ ಎಪ್ಪತ್ತೊಂದು. ಮುಖಪುಟದ ಉದ್ದಕ್ಕೂ ದಪ್ಪ ಅಕ್ಷರ: ಪಶ್ಚಿಮ ರಂಗದಲ್ಲೂ ಯುದ್ಧ ನಿಂತಿತು. ಹಿಂದಿನ ರಾತ್ರಿ ಎಂಟು ಗಂಟೆಗೆ ಬಂದೂಕುಗಳು ಸುಮ್ಮನಾದವು ಎಂದು ಕೆಳಗೆ ವಿವರ. ಎಡಗಡೆಯ ಅಂಚಿನಲ್ಲಿ ಅಪ್ಪನ ಎಳೆಯ ಕಾಲದ ಕೈಬರಹ: ‘ತಂದಿದ್ದು 18-12-71. ಓದಿದ್ದು’. ಅದರ ಮುಂದೆ ಏನೂ ಇಲ್ಲ. ಬರೆಯಲು ಮರೆತಿರಬೇಕು ಎಂದುಕೊಂಡೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು ನಾನು. ತಾರೀಕು ನೋಡಿ ಯೋಚಿಸಿ ಎಂದು ದಿನಾ ಬಡಿದುಕೊಳ್ಳುವವಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

ಅಪ್ಪನಿಗೆ ಹೇಳಲಿಲ್ಲ. ಮಾವನಿಗೆ ಕೊಟ್ಟು ಇಬ್ಬರನ್ನೂ ಬೆರಗುಗೊಳಿಸುವ ಹುಮ್ಮಸ್ಸು ನನಗೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಭಾನುವಾರ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.

ಮಾವ ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ಪತ್ರಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗೈಯಿಂದ ಸವರಿದ. ಕಣ್ಣು ಸಾಲದು, ಓದು ಎಂದ. ನಾನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಎಂಟು ಗಂಟೆಯ ಸಾಲು ಬಂದಾಗ ಮಾವ ತಲೆಯಾಡಿಸಿದ. “ಊಂ, ಎಂಟೇ. ನಾನ್ ಅಲ್ಲೇ ಇದ್ದೆ.”

“ಇದೇ ಪೇಪರು ಮಾವ, ಅಪ್ಪ ಅಜ್ಜಿಗೆ ಓದಿದ್ದು,” ಎಂದೆ. “ನೋಡು, ಅಂಚಲ್ಲಿ ಅಪ್ಪ ಬರೆದಿರೋದೂ ಇದೆ. ತಂದಿದ್ದು ಹದಿನೆಂಟು ಹನ್ನೆರಡು ಎಪ್ಪತ್ತೊಂದು.”

ಮಾವನ ಕೈ ನಿಂತಿತು. “ಇನ್ನೊಂದ್ ಸಲ ಓದವ್ವ.”

ಓದಿದೆ. ಈ ಸಲ ತಾರೀಕಿನ ಕೆಳಗೆ ಬೆರಳಿಟ್ಟು ಓದಿದೆ.

“ಅದ್ನೆಂಟಾ? ಇಪ್ಪತ್ತಲ್ವಾ?”

“ಹದಿನೆಂಟು ಅಂತಿದೆ ಮಾವ.”

“ಓದಿದ್ದು ಯಾವತ್ತು ಅಂತ ಬರ್ದವ್ನೆ?”

“ಬರೆದಿಲ್ಲ.”

ಅಪ್ಪ ಮರೆಯುವ ಪೈಕಿ ಅಲ್ಲ ಎಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಏನೋ ತಪ್ಪಾಗಿರಬೇಕು ಎಂದು ನಾನು ಬಡಬಡಿಸಿದೆ. ಮಾವ ಸಿಟ್ಟಾಗಲಿಲ್ಲ. ಪತ್ರಿಕೆಯನ್ನು ನನಗೇ ಹಿಂದಕ್ಕೆ ಕೊಟ್ಟ. “ನಿಮ್ಮಪ್ಪಂಗೆ ಏಳು. ಮುಂದಿನ್ ಭಾನುವಾರ ಬರಕ್ಕೇಳು,” ಎಂದ. ಊಟ ಮಾಡಿಕೊಂಡು ಹೋಗು ಎಂದು ಒಂದು ಮಾತು ಹೇಳಲಿಲ್ಲ. ಆ ಮನೆಯಿಂದ ಉಣ್ಣದೆ ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಮನೆಗೆ ಬಂದು ಪತ್ರಿಕೆಯನ್ನು ಅಪ್ಪನ ಮುಂದಿಟ್ಟೆ. ಅಪ್ಪ ಪ್ಲಾಸ್ಟಿಕ್ಕಿನ ಅಂಚನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ಕೇಳಿದ್ದು, “ಲ್ಯಾಮಿನೇಷನ್ ಮಾಡ್ಸ್ಬುಟ್ಯಾ?”

“ಅಪ್ಪ, ನೀನು ಇದನ್ನ ಅಜ್ಜಿಗೆ ಓದಲೇ ಇಲ್ವಾ?”

“ಭಾನುವಾರ ಓಗನ. ಅಲ್ಲೇ ಏಳ್ತೀನಿ. ಎರಡೆರಡು ಸಲ ಏಳಕ್ಕೆ ನನ್ ಕೈಲಾಗಲ್ಲ.”

ಆ ವಾರವೆಲ್ಲ ಅಪ್ಪ ಬೆಳಗಿನ ಪೇಪರು ಮುಟ್ಟಲಿಲ್ಲ. ನನಗೆ ಅವನ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಕೇಸನ್ನು ಗೋಡೆಗೆ ಹಾಕುವ ಚಪಲ ಯಾರಿಗೆ ಬೇಕಿತ್ತು? ಹರಿದು ಒಲೆಗೆ ಹಾಕಬಹುದಾಗಿದ್ದ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಭದ್ರ ಮಾಡಿಸಿ ತಂದವಳು ನಾನೇ ಅಲ್ಲವೇ?

ಭಾನುವಾರ ಮಾವನ ಮನೆಯಲ್ಲಿ ಮಗ ಸೊಸೆ ಇರಲಿಲ್ಲ, ಮಾವನೇ ಕಳಿಸಿರಬೇಕು. ಅಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ಕೂತ. ಮಾವ ಮೇಲೆ ಕೂರು ಎನ್ನಲಿಲ್ಲ.

“ಭಾವ, ಪೇಪರು ಅದ್ನೆಂಟನೇ ತಾರೀಕೇ ನನ್ ಕೈಲಿತ್ತು,” ಅಪ್ಪ ನೇರವಾಗಿ ಶುರುಮಾಡಿದ. “ಯಜಮಾನ್ರು ಊರಲ್ಲೇ ಇದ್ರು. ಅವತ್ತು ಸಂಜೆ ಅದ್ನ ಜೇಬಲ್ಲಿಟ್ಕೊಂಡೇ ಬಂದೆ. ಓದಕ್ಕೇ ಬಂದೆ ಕಣ ಭಾವ, ಮಾರಮ್ಮನಾಣೆ.”

“ಯಾಕ್ ಓದ್ಲಿಲ್ಲ?”

ಅಪ್ಪ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ. “ನಂಜಿ ಬೆಲ್ಲದ ಕಾಪಿ ತಂದು ಮುಂದಿಟ್ಟು ಬಾಗ್ಲತ್ರ ಕುಂತ್ಲು. ದಿನಾ ಅಂಗೇ ಕುಂತ್ಕೊಳೋಳು, ನಾನ್ ಓದದ್ ಕೇಳ್ಕೊಂಡು. ಯುದ್ಧ ನಿಂತ್ರೆ ಓದದೂ ನಿಲ್ತದೆ. ನಾಳೆಯಿಂದ ನಿಮ್ಮನೆಗ್ ಬರಕ್ಕೆ ನಂಗೇನ್ ನೆಪ ಇತ್ತು? ಇವತ್ತೊಂದಿನ ಇರ್ಲಿ ಅನ್ಕೊಂಡೆ. ಹಿಂದಿನ್ ದಿನದ ಪೇಪರ್ ಹಿಡ್ಕೊಂಡು, ಪಶ್ಚಿಮದಲ್ಲಿ ಇನ್ನೂ ನಡೀತೈತೆ ಅತ್ತೆ ಅಂತ ಓದ್ಬುಟ್ಟೆ.”

“ಮಾರ್ನೇ ದಿನ?”

“ಮಾರ್ನೇ ದಿನ್ವೂ ಅಂಗೇ ಆಯ್ತು. ಅದ್ರ ಮಾರ್ನೇ ದಿನ್ವೂ. ನಂಜೀನೇ ಕೇಳಿದ್ಲು, ಪಟೇಲ್ರ ಮನೆ ರೇಡಿಯೋದಲ್ಲಿ ನಿಂತೋಯ್ತು ಅಂದ್ರಂತಲ್ಲ ಅಂತ. ಅದು ಢಾಕಾ ಕಡೇದು ಅಂದೆ. ನಂಬಿದ್ಲು. ನಾನ್ ಅಂದಿದ್ನೆಲ್ಲ ನಂಬೋಳು.”

ನಂಜಿ ಎಂದರೆ ನನ್ನ ಅಮ್ಮ. ನಲವತ್ತೊಂಬತ್ತು ವರ್ಷ ಇವನ ಜೊತೆ ಬಾಳಿದಳು. ಅವಳ ಅವ್ವ ಉಪ್ಪಿಲ್ಲದೆ ಮಲಗಿದ್ದ ಮೂರು ದಿನ ತಾನು ಬಾಗಿಲ ಬಳಿ ಕೂತದ್ದಕ್ಕೆ ಯುದ್ಧ ಮುಂದಕ್ಕೆ ಹೋಯಿತು ಎಂಬುದು ಅವಳಿಗೆ ಗೊತ್ತಾಗಲೇ ಇಲ್ಲ. ಗೊತ್ತಾಗದೆ ಹೋದದ್ದೇ ಒಳ್ಳೆಯದು ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಮಾವ ಕೇಳಿದ, “ಕೊನೇ ದಿನ ಅವ್ವ ಏನಂದ್ಲು?”

“ಬಿಡು ಭಾವ.”

“ಏನಂದ್ಲು ಅಂತ ಏಳ್ಲಾ.”

“ಇಪ್ಪತ್ತನೇ ತಾರೀಕು ಸಂಜೆ ನನ್ ಕೈ ಹಿಡ್ಕೊಂಡ್ಲು. ಸಣ್ಣ, ಇನ್ನೆಷ್ಟ್ ದಿನ ಐತೆ ನೋಡೇಳು ಮಗ, ಪೇಪರಲ್ಲಿ ಹಾಕಿರ್ತಾರೆ ಅಂದ್ಲು. ನಾನು...” ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. “ಇನ್ನೊಂದ್ ವಾರ ಆಯ್ತದಂತೆ ಅತ್ತೆ ಅಂದ್ಬುಟ್ಟೆ. ಒಂದ್ ವಾರವಾ, ಅಷ್ಟ್ ದಿನ ನಂಗಿಲ್ಲ ಕಣ ಅಂದು ಗೋಡೆ ಕಡೆ ತಿರುಗ್ಕೊಂಡ್ಲು. ನಾಳೆ ಓದ್ಬುಡ್ತೀನಿ, ತಪ್ಪಿಸಲ್ಲ ಅನ್ಕೊಂಡೇ ಮನೆ ಕಡೆ ಹೊಂಟೆ. ಬೆಳಿಗ್ಗೆ ನಂಜಿ ಕೂಗಿದ್ದು ಕೇಳಿಸ್ತು.”

“ಉಪ್ಪು?”

“ಇಲ್ಲ ಭಾವ.”

“ನಕ್ಕಿದ್ದು?”

“ಅದೂ ಇಲ್ಲ. ನೀನು ರಜದಲ್ಲಿ ಬಂದಾಗ ಮಾರಮ್ಮನ ಗುಡಿ ಮುಂದೆ ನಿಂತ್ಕೊಂಡು ಕೇಳ್ದಲ್ಲ, ಅವ್ವಂಗೆ ಗೊತ್ತಾಗಿತ್ತಾ ಸಣ್ಣ ಅಂತ. ನಿನ್ ಮಕ ನೋಡಿ ಬಾಯಿಗ್ ಬಂದಿದ್ನ ಏಳ್ಬುಟ್ಟೆ. ಆಮೇಲೆ ನೀನು ತಂಗೀನೂ ಕೊಟ್ಬುಟ್ಟೆ. ಆಮೇಲೆ ಯಾವ್ ಬಾಯಲ್ಲಿ ಏಳ್ಲಿ?”

ಉಪ್ಪು ಬಿಟ್ಟದ್ದಕ್ಕೆ ಅಜ್ಜಿ ಸತ್ತಳೋ, ಉಬ್ಬಸಕ್ಕೆ ಸತ್ತಳೋ, ಈಗ ಯಾವ ಡಾಕ್ಟರೂ ಹೇಳಲಾರ. ಆ ಸಂಜೆ ಓದಿದ್ದರೆ ಉಳಿಯುತ್ತಿದ್ದಳು ಎಂದು ನಾನೂ ಹೇಳಲಾರೆ. ಆದರೆ ಮಗ ಬದುಕಿದ್ದಾನೆ, ಗುಂಡು ನಿಂತಿದೆ ಎಂದು ತಿಳಿದು ಸಾಯುವುದು ಬೇರೆ, ಗೋಡೆ ಕಡೆ ತಿರುಗಿಕೊಂಡು ಸಾಯುವುದು ಬೇರೆ. ಅಪ್ಪನ ಜೇಬಿನಲ್ಲಿದ್ದ ಒಂದು ಕಾಗದದಷ್ಟೇ ವ್ಯತ್ಯಾಸ.

ಮಾವ ಬೈಯಬಹುದು, ಅಳಬಹುದು, ಎದ್ದು ಒಳಗೆ ಹೋಗಬಹುದು ಎಂದು ಕಾಯ್ದೆ. ಅವನು ಕೂತಲ್ಲೇ ಕೂತಿದ್ದ. ಮಾತಾಡಿದಾಗ ದನಿ ಏರಿರಲಿಲ್ಲ.

“ಎಂಟ್ ಗಂಟೆಗೆ ಗುಂಡು ನಿಂತಾಗ ಎಲ್ರೂ ಕುಣಿದ್ರು ಕಣ್ಲಾ. ನಾನ್ ಮರಳಲ್ಲಿ ಮಲಗ್ಬುಟ್ಟೆ. ಎರಡ್ ದಿನ ಮುಂಚೆ ನಮ್ ಪಕ್ಕದೋನು ಗುಂಡ್ ತಗುಲಿ ಓಗಿದ್ದ, ನನ್ ತೊಡೆ ಮೇಲೇ. ಕಣ್ ಮುಚ್ಚಿದ್ರೆ ಅವ್ನೇ ಬರೋನು. ಅವತ್ತು ಆ ಮಕದ ಮೇಲೆ ಇನ್ನೊಂದ್ ಚಿತ್ರ ತಂದಿಟ್ಕೊಂಡೆ. ನಾಳೆ ಸಣ್ಣ ಪೇಪರ್ ಓದ್ತಾನೆ, ಅವ್ವ ಉಪ್ಪಾಕ್ಕೊಂಡು ಉಣ್ತಾಳೆ ಅಂತ. ನಿದ್ದೆ ಬಂತು. ಊರಿಗ್ ಬಂದ್ಮೇಲೆ ನೀನೂ ಅದನ್ನೇ ಏಳ್ದೆ, ಉಪ್ಪಾಕ್ದೆ, ನಕ್ಕಳು ಅಂತ. ಐವತ್ಮೂರು ವರ್ಸದಿಂದ ದಿನಾ ರಾತ್ರಿ ಅದನ್ನೇ ಹೊದ್ಕೊಂಡು ಮಲಗಿವ್ನಿ. ಇವತ್ತಿಂದ ಏನ್ ಹೊದ್ಕೊಳ್ಳಿ? ನೀನೇ ಏಳು.”

ಅಪ್ಪ ಮಾವನ ಕಾಲು ಹಿಡಿಯಲು ಮುಂದೆ ಬಗ್ಗಿದ. ಮಾವ ಕಾಲು ಹಿಂದಕ್ಕೆ ಎಳೆದುಕೊಂಡ.

“ಬ್ಯಾಡ. ಓಗಿ ಬನ್ನಿ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ಬಸ್ಸು ಮೂರು ಗಂಟೆಗೈತೆ ಕಣವ್ವ,” ಎಂದ.

ಬಸ್ಸು ತುಂಬಿತ್ತು. ಹೇಗೋ ಇಬ್ಬರಿಗೂ ಹಿಂದೆ ಸೀಟು ಸಿಕ್ಕಿತು. ದಾರಿ ನಡುವಿನ ಶಾಂತಿಗ್ರಾಮ ಇನ್ನೂ ದೂರವಿರುವಾಗಲೇ ಅಪ್ಪ ಕಿಟಕಿ ಕಡೆ ನೋಡುತ್ತಾ, “ಏಳ್ಬುಟ್ಟೆ ಕಣ ಮಗ. ಎದೆ ಅಗುರಾಯ್ತು,” ಎಂದ. ಎಂದು, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದ. ಬಸ್ಸಿನಲ್ಲಿ ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಗುವಿನ ಹಾಗೆ ಬಾಯಿ ತೆರೆದು, ಗಾಢವಾಗಿ, ಹಾಸನದವರೆಗೂ ಮಲಗಿದ. ಅವನನ್ನು ತಳ್ಳಿ ಎಬ್ಬಿಸಬೇಕು ಎನ್ನಿಸಿತು. ಎಬ್ಬಿಸಲಿಲ್ಲ. ಚನ್ನರಾಯಪಟ್ಟಣದಲ್ಲಿ ಇನ್ನೊಬ್ಬ ಮುದುಕನ ನಿದ್ದೆಯನ್ನು ಕಿತ್ತು ತಂದು ಇವನಿಗೆ ಕೊಟ್ಟವಳು ನಾನು.